ಹೊಸ ವರ್ಷಕ್ಕೆ ಕಂಪ್ಯೂಟರ್, ಫೋನ್, ಕಾಗದಪತ್ರ ಎಲ್ಲ ಓರಣ: ನಾಲ್ಕು ಭಾನುವಾರಗಳ ಕೆಲಸ

ಅಪ್ಪನ ಆರೋಗ್ಯ ವಿಮೆಯ ಪಾಲಿಸಿ ಹುಡುಕಲು ಅವತ್ತು ನಮಗೆ ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ರಾತ್ರಿ ಹನ್ನೊಂದೂವರೆಗೆ ಅವರನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಕೌಂಟರ್‌ನಲ್ಲಿ ಪಾಲಿಸಿ ಸಂಖ್ಯೆ ಕೇಳಿದರು. ಅದು ಅಪ್ಪನ ಇಮೇಲ್‌ನಲ್ಲಿತ್ತು. ಇಮೇಲ್ ತೆರೆಯಲು ಒಟಿಪಿ ಬೇಕಿತ್ತು. ಒಟಿಪಿ ಹೋಗುತ್ತಿದ್ದದ್ದು ಅವರು ಬಿಟ್ಟು ಎರಡು ವರ್ಷವಾಗಿದ್ದ ಹಳೇ ನಂಬರಿಗೆ. ಕೊನೆಗೆ ನನ್ನ ತಮ್ಮ ವಿಜಯನಗರದ ಮನೆಗೆ ವಾಪಸ್ ಹೋಗಿ, ಬೀರು ಜಾಲಾಡಿ, ಹಿಂದಿನ ವರ್ಷದ ಒಂದು ಪ್ರಿಂಟ್ ಹುಡುಕಿ ಫೋಟೊ ಕಳಿಸಿದ.

ಅಪ್ಪ ಹುಷಾರಾಗಿ ಮನೆಗೆ ಬಂದರು. ಆ ವರ್ಷದಿಂದ ಪ್ರತಿ ಡಿಸೆಂಬರ್ ಕೊನೆಗೆ ನಾನು ಈ ಕೆಲಸಕ್ಕೆ ಕೂರುತ್ತೇನೆ. ಡೆಸ್ಕ್‌ಟಾಪ್ ಚೆನ್ನಾಗಿ ಕಾಣಲಿ ಅಂತಲ್ಲ. ಬೇಕಾದ ಕಾಗದ ಬೇಕಾದ ಹೊತ್ತಿಗೆ ಸಿಗಬೇಕು. ಅದೂ ನನಗೊಬ್ಬಳಿಗೇ ಅಲ್ಲ, ನಾನು ಊರಲ್ಲಿ ಇಲ್ಲದಿದ್ದರೂ ಮನೆಯಲ್ಲಿ ಇನ್ನೊಬ್ಬರ ಕೈಗೆ ಸಿಗಬೇಕು. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಈ ಒಂದು ಕಾರಣಕ್ಕೇ ಇದೆ.

ಆಯುಧ ಪೂಜೆಗೆ ಕಂಪ್ಯೂಟರ್ ಒರೆಸಿ, ಕುಂಕುಮ ಇಟ್ಟು, ಹೂವು ಮುಡಿಸುತ್ತೇವೆ. ಹೊರಗಿನ ಧೂಳು ಅವತ್ತು ಹೋಗುತ್ತದೆ. ಒಳಗಿನದಕ್ಕೆ ನಾಲ್ಕು ಭಾನುವಾರ ಬೇಕು, ದಿನಕ್ಕೆ ಎರಡು ಮೂರು ಗಂಟೆ. ಡಿಸೆಂಬರ್ ಕೊನೆಯ ಭಾನುವಾರ ಶುರು ಮಾಡಿದರೆ ಜನವರಿ ಮೂರನೇ ವಾರದ ಹೊತ್ತಿಗೆ ಮುಗಿಯುತ್ತದೆ. ನಮಗೆ ಯುಗಾದಿಯೇ ಹೊಸ ವರ್ಷ ಅನ್ನುವವರು ಆಗ ಶುರು ಮಾಡಿ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುವುದರಿಂದ ತೆರಿಗೆಯ ಕಾಗದಗಳನ್ನೂ ಅದೇ ಸಮಯಕ್ಕೆ ಜೋಡಿಸಲು ಶುರು ಮಾಡಬಹುದು.

ಒಂದು ಕ್ರಮ ಮಾತ್ರ ತಪ್ಪಿಸಬೇಡಿ. ಮೊದಲು ನಕಲು ಮಾಡಿ, ಆಮೇಲೆ ಬೇಡದ್ದು ಅಳಿಸಿ, ಆಮೇಲೆ ಜೋಡಿಸಿ, ಕೊನೆಗೆ ಬೀಗ ಹಾಕಿ. ಹುಮ್ಮಸ್ಸಿನಲ್ಲಿ ಅಳಿಸುವುದರಿಂದ ಶುರು ಮಾಡಿದರೆ ಕಳೆದುಕೊಳ್ಳುವುದು ಖಂಡಿತ.

ಮೊದಲ ಭಾನುವಾರ: ಎಲ್ಲದಕ್ಕೂ ನಕಲು

ಒಂದು ನೋಟ್‌ಬುಕ್ ತೆಗೆದುಕೊಂಡು ನಿಮ್ಮ ವಸ್ತುಗಳು ಎಲ್ಲೆಲ್ಲಿವೆ ಅಂತ ಬರೆಯಿರಿ. ಲ್ಯಾಪ್‌ಟಾಪ್, ಈಗಿನ ಫೋನ್, ಡ್ರಾಯರ್‌ನಲ್ಲಿ ಮಲಗಿರುವ ಹಳೇ ಫೋನ್, ಪೆನ್‌ಡ್ರೈವ್‌ಗಳು, ಮದುವೆಯ ಡಿವಿಡಿ, ಮೂರು ಜಿಮೇಲ್ ಖಾತೆ, ಆಫೀಸಿನ ಕಂಪ್ಯೂಟರ್‌ನಲ್ಲಿ ಇಟ್ಟಿರುವ ಸ್ವಂತ ಫೈಲ್‌ಗಳು. ಈ ಕೊನೆಯದ್ದನ್ನು ಇವತ್ತೇ ಮನೆಗೆ ತನ್ನಿ. ಕೆಲಸ ಬಿಟ್ಟ ದಿನ ಆ ಲ್ಯಾಪ್‌ಟಾಪ್ ಸಂಜೆಯೊಳಗೆ ವಾಪಸ್ ಕೊಡಬೇಕಾಗುತ್ತದೆ.

ನಕಲಿಗೆ ಒಂದು ಹಳೇ ಸೂತ್ರವಿದೆ, ಮೂರು–ಎರಡು–ಒಂದು ಅಂತ. ಮುಖ್ಯವಾದ ಯಾವುದೇ ಫೈಲ್ ಮೂರು ಕಡೆ ಇರಬೇಕು, ಎರಡು ಬಗೆಯ ಸಾಧನದಲ್ಲಿರಬೇಕು, ಅದರಲ್ಲಿ ಒಂದು ಮನೆಯ ಹೊರಗಿರಬೇಕು. ಸಾಮಾನ್ಯ ಸಂಸಾರಕ್ಕೆ ಇದರ ಅರ್ಥ ಇಷ್ಟೇ: ಲ್ಯಾಪ್‌ಟಾಪ್‌ನಲ್ಲಿ ಒಂದು, ಮನೆಯ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಆನ್‌ಲೈನ್‌ನಲ್ಲೋ ತಂಗಿಯ ಮನೆಯಲ್ಲೋ ಇನ್ನೊಂದು. ಮನೆಯ ಹೊರಗೆ ಯಾಕೆ ಅಂದರೆ, 2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ನೆನಪಿದೆ ಅಲ್ವಾ? ಬೆಂಗಳೂರಿನ ಬೆಳ್ಳಂದೂರು, ಮಹದೇವಪುರದ ಕಡೆ ಮನೆಗಳ ಒಳಗೆ ನೀರು ನುಗ್ಗಿತ್ತು. ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್ ಎರಡೂ ಒಂದೇ ಮೇಜಿನ ಡ್ರಾಯರ್‌ನಲ್ಲಿದ್ದರೆ ಎರಡೂ ಒಟ್ಟಿಗೇ ನೆನೆಯುತ್ತವೆ.

ಇಲ್ಲಿ ಎರಡು ತಪ್ಪು ಕಲ್ಪನೆ ಜಾಸ್ತಿ. ಮೊದಲನೆಯದು, ಲ್ಯಾಪ್‌ಟಾಪ್‌ನಿಂದ ಹಾರ್ಡ್ ಡಿಸ್ಕ್‌ಗೆ ಫೋಟೊ ಸಾಗಿಸಿ, ಲ್ಯಾಪ್‌ಟಾಪ್‌ನಲ್ಲಿ ಅಳಿಸಿ, ‘ಬ್ಯಾಕಪ್ ಆಯ್ತು’ ಅಂದುಕೊಳ್ಳುವುದು. ಅದು ಬ್ಯಾಕಪ್ ಅಲ್ಲ. ಮೊದಲೂ ಒಂದೇ ಪ್ರತಿ ಇತ್ತು, ಈಗಲೂ ಒಂದೇ ಪ್ರತಿ ಇದೆ, ಜಾಗ ಬದಲಾಗಿದೆ ಅಷ್ಟೇ. ನನ್ನ ಅಕ್ಕನ ಮನೆಯಲ್ಲಿ ಹೀಗೇ ಮಾಡಿದ್ದರು. ಆ ಡಿಸ್ಕ್ ಒಂದು ದಿನ ಟಿವಿ ಸ್ಟ್ಯಾಂಡ್ ಮೇಲಿಂದ ಬಿತ್ತು. ಮಗುವಿನ ನಾಮಕರಣದ ಫೋಟೊಗಳು ಹೋದವು. ಎರಡನೆಯದು, ‘ಗೂಗಲ್ ಫೋಟೋಸ್‌ನಲ್ಲಿ ಇದೆಯಲ್ಲ’ ಅನ್ನುವ ಧೈರ್ಯ. ಅಲ್ಲಿ ಫೋನೂ ಆನ್‌ಲೈನ್ ಪ್ರತಿಯೂ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಆ್ಯಪ್‌ನಲ್ಲಿ ಒಂದು ಫೋಟೊ ಅಳಿಸಿದರೆ ಅದು ಎರಡೂ ಕಡೆಯಿಂದ ಹೋಗುತ್ತದೆ. ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ.

ಹಾರ್ಡ್ ಡಿಸ್ಕ್ ಕೊಳ್ಳಲು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಓಣಿ ಎಸ್‌ಪಿ ರಸ್ತೆಗೆ ಹೋಗುವುದಾದರೆ ಮಧ್ಯಾಹ್ನದ ಒಳಗೆ ಹೋಗಿ. ಸಂಜೆ ಆ ಓಣಿಗಳಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುವುದರಿಂದ ಶನಿವಾರವೇ ತಂದಿಟ್ಟುಕೊಳ್ಳಿ. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿ, ಇಲ್ಲದಿದ್ದರೆ ವಾರಂಟಿ ಕೇಳುವುದು ಕಷ್ಟ. ಕೆಲವೇ ನೂರು ರೂಪಾಯಿಗೆ ‘2 ಟಿಬಿ ಪೆನ್‌ಡ್ರೈವ್’ ಅಂತ ಯಾರಾದರೂ ತೋರಿಸಿದರೆ ಕೊಳ್ಳಬೇಡಿ. ಅಂಥವು ಒಳಗೆ ಸಣ್ಣ ಚಿಪ್ ಇಟ್ಟು, ದೊಡ್ಡ ಅಳತೆ ತೋರಿಸುವ ನಕಲಿ ಮಾಲು. ಫೈಲ್ ಹಾಕಿದಂತೆ ಕಾಣುತ್ತದೆ, ತೆರೆದರೆ ಏನೂ ಇರುವುದಿಲ್ಲ. ಮನೆಯಲ್ಲಿ ಕೆಟ್ಟ ಹಳೇ ಲ್ಯಾಪ್‌ಟಾಪ್ ಇದ್ದರೆ ಅದೇ ಓಣಿಯಲ್ಲಿ ಒಂದು ಸಾಟಾ–ಯುಎಸ್‌ಬಿ ಕೇಬಲ್ ಕೂಡ ತನ್ನಿ. ಲ್ಯಾಪ್‌ಟಾಪ್ ಆನ್ ಆಗದಿದ್ದರೂ ಒಳಗಿನ ಹಾರ್ಡ್ ಡಿಸ್ಕ್ ಚೆನ್ನಾಗಿರುವುದು ಎಷ್ಟೋ ಸಲ ಉಂಟು. ಅದನ್ನು ಬಿಚ್ಚಿ ಈ ಕೇಬಲ್‌ಗೆ ಸಿಕ್ಕಿಸಿದರೆ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ.

ಈಗ ನಕಲು. ಮ್ಯಾಕ್ ಇದ್ದವರಿಗೆ ತಾನಾಗಿ ನಕಲು ತೆಗೆಯುವ ಟೈಮ್ ಮಷೀನ್ ಇದೆ, ಡಿಸ್ಕ್ ಸಿಕ್ಕಿಸಿ ಒಪ್ಪಿಗೆ ಕೊಟ್ಟರೆ ಸಾಕು. ವಿಂಡೋಸ್‌ನಲ್ಲಿ ಅದೇ ಕೆಲಸಕ್ಕೆ ಕಂಟ್ರೋಲ್ ಪ್ಯಾನೆಲ್ ಒಳಗೆ ಫೈಲ್ ಹಿಸ್ಟರಿ ಇದೆ. ಅದೆಲ್ಲ ಬೇಡ ಅನ್ನಿಸಿದರೆ ಡಿಸ್ಕ್‌ನಲ್ಲಿ ಇವತ್ತಿನ ತಾರೀಖಿನ ಫೋಲ್ಡರ್ ಮಾಡಿ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್ ಐದನ್ನೂ ಅದರೊಳಗೆ ಕಾಪಿ ಮಾಡಿ. ಮುಗಿದ ಮೇಲೆ ಎರಡೂ ಕಡೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಫೈಲ್‌ಗಳ ಸಂಖ್ಯೆ ಒಂದೇ ಇರಬೇಕು. ಫೋನಿನ ಫೋಟೊಗಳನ್ನೂ ಕೇಬಲ್ ಹಾಕಿ ಇಳಿಸಿ. ಮದುವೆ ಡಿವಿಡಿ ಇದ್ದರೆ ಯುಎಸ್‌ಬಿ ಡಿವಿಡಿ ಡ್ರೈವ್ ಯಾರದಾದರೂ ತಂದು ಈ ವರ್ಷವೇ ಕಾಪಿ ಮಾಡಿಕೊಳ್ಳಿ. ಮನೆಯಲ್ಲಿ ಬರೆಸಿದ ಡಿಸ್ಕ್‌ಗಳು ವರ್ಷ ಕಳೆದಂತೆ ಓದಲು ಬಾರದಂತಾಗಬಹುದು.

ಕಂಪ್ಯೂಟರ್ ನಿಧಾನ ಅನ್ನುವವರಿಗೆ ಎರಡು ಮಾತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಸ್ಟಾರ್ಟಪ್ ಭಾಗದಲ್ಲಿ ಬೇಡದ ಆ್ಯಪ್‌ಗಳನ್ನು ನಿಲ್ಲಿಸಿ. ಹಳೇ ತಿರುಗುವ ಡಿಸ್ಕ್ ತೆಗೆಸಿ, ತಿರುಗುವ ಭಾಗವೇ ಇಲ್ಲದ, ಚಿಪ್‌ನಲ್ಲಿ ಉಳಿಸುವ ಎಸ್‌ಎಸ್‌ಡಿ ಹಾಕಿಸಿದರೆ ಏಳೆಂಟು ವರ್ಷದ ಲ್ಯಾಪ್‌ಟಾಪ್ ಕೂಡ ಚುರುಕಾಗುತ್ತದೆ. ಇನ್ನು ವಿಂಡೋಸ್ 10 ಬಳಸುತ್ತಿದ್ದರೆ, ಅದಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ಒಪ್ಪಿದರೆ ವಿಂಡೋಸ್ 11ಕ್ಕೆ ಹೋಗಿ. ಒಪ್ಪದಿದ್ದರೆ ಯಂತ್ರ ಎಸೆಯಬೇಡಿ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಸಿ. ಇಮೇಲ್, ಕನ್ನಡ ಟೈಪಿಂಗ್, ಮಕ್ಕಳ ಪಾಠ ಎಲ್ಲಕ್ಕೂ ಅದು ಸಾಕು.

ಎರಡನೇ ಭಾನುವಾರ: ಫೋಟೊ ಮತ್ತು ವಾಟ್ಸ್‌ಆ್ಯಪ್

ನಮ್ಮ ಮನೆಗಳಲ್ಲಿ ಜಾಗ ತಿನ್ನುವುದು ಇವೆರಡೇ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಅದನ್ನೇ ಹಂಚಿಕೊಳ್ಳುತ್ತವೆ. 2021ರ ಜೂನ್ 1ರಿಂದ ಹಾಕಿದ ಫೋಟೊಗಳೆಲ್ಲ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುತ್ತವೆ. ಆಂಡ್ರಾಯ್ಡ್ ಫೋನ್‌ಗಳ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಇದರಲ್ಲೇ ಸೇರುತ್ತದೆ. ಅದಕ್ಕೇ ಎಷ್ಟೋ ಜನರಿಗೆ ‘ಜಾಗ ಮುಗಿದಿದೆ’ ಎಂಬ ಸಂದೇಶ ಬರುವುದು. 15 ಜಿಬಿ ತುಂಬಿ ಹೋದರೆ ಜಿಮೇಲ್‌ಗೆ ಬರುವ ಮೇಲ್ ಕೂಡ ನಿಲ್ಲುತ್ತದೆ. ಕೆಲಸದ ಸಂದರ್ಶನಕ್ಕೋ ಮಗುವಿನ ಶಾಲೆಯ ಸೇರ್ಪಡೆಗೋ ಮೇಲ್ ಕಾಯುತ್ತಿರುವಾಗ ಹೀಗಾದರೆ ಗತಿ ಏನು?

ವಾಟ್ಸ್‌ಆ್ಯಪ್‌ನಿಂದ ಶುರು ಮಾಡಿ. ಸೆಟ್ಟಿಂಗ್ಸ್ ಒಳಗೆ ‘ಸ್ಟೋರೇಜ್ ಮತ್ತು ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’. ಮೇಲೆ ಎರಡು ಪೆಟ್ಟಿಗೆ ಕಾಣಬಹುದು: ಹಲವು ಸಲ ಫಾರ್ವರ್ಡ್ ಆದವು, 5 ಎಂಬಿಗಿಂತ ದೊಡ್ಡವು. ಮೊದಲ ಪೆಟ್ಟಿಗೆ ಕಣ್ಣಾಡಿಸಿ ಪೂರ್ತಿ ಅಳಿಸಿ. ಅಲ್ಲಿ ನಿಮ್ಮ ಮನೆಯದ್ದು ಸಾಮಾನ್ಯವಾಗಿ ಏನೂ ಇರುವುದಿಲ್ಲ. ಎರಡನೆಯದನ್ನು ನಿಧಾನವಾಗಿ ನೋಡಿ. ಅಜ್ಜಿಯ ದನಿ, ಮಗುವಿನ ಮೊದಲ ಹೆಜ್ಜೆಯ ವಿಡಿಯೊ ಸಿಗುವುದು ಇಲ್ಲೇ. ಅಂಥವನ್ನು ಮೊದಲು ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಕೆಳಗೆ ಗುಂಪುಗಳ ಪಟ್ಟಿ ಗಾತ್ರದ ಪ್ರಕಾರ ಬರುತ್ತದೆ. ಅಪಾರ್ಟ್‌ಮೆಂಟ್ ಗುಂಪು, ಹಳೇ ಕಾಲೇಜಿನ ಗುಂಪು, ಮದುವೆ ಮುಗಿದರೂ ಉಳಿದಿರುವ ‘ಮದುವೆ ತಯಾರಿ’ ಗುಂಪು. ಒಂದೊಂದರಲ್ಲೂ ಜಿಬಿಗಟ್ಟಲೆ ಇರುತ್ತದೆ.

ಇಷ್ಟು ಮಾಡಿ ಬಿಟ್ಟರೆ ಮೂರು ತಿಂಗಳಲ್ಲಿ ಮತ್ತೆ ಅಷ್ಟೇ ಆಗುತ್ತದೆ. ಅದೇ ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಗುಂಪಿನ ಹೆಸರು ಒತ್ತಿ ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿ. ಆಗ ಬೆಳಗಿನ ಶುಭೋದಯದ ಚಿತ್ರಗಳು ನಿಮ್ಮ ಗ್ಯಾಲರಿಗೆ ಬರುವುದಿಲ್ಲ. ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಿಡಿಯೊ ಸೇರಿಸುವುದನ್ನೂ ತೆಗೆದುಬಿಡಿ.

ಫೋಟೊಗಳನ್ನು ಒಂದೊಂದಾಗಿ ನೋಡುತ್ತ ಅಳಿಸಲು ಹೋಗಬೇಡಿ. ಐವತ್ತನೇ ಫೋಟೊ ಹೊತ್ತಿಗೆ ನೆನಪುಗಳಲ್ಲಿ ಕಳೆದುಹೋಗುತ್ತೀರಿ. ಬಗೆ ಹಿಡಿದು ಅಳಿಸಿ. ಮೊದಲು ಸ್ಕ್ರೀನ್‌ಶಾಟ್‌ಗಳು. ಆಮೇಲೆ ಪಾರ್ಕಿಂಗ್ ಕಂಬದ ನಂಬರ್, ಅಂಗಡಿಯ ಬಿಲ್, ಮೆನು ಕಾರ್ಡ್ ಥರದವು. ಆಮೇಲೆ ಒಂದೇ ಫೋಟೊದ ಎರಡೆರಡು ಪ್ರತಿ. ‘ಫೈಲ್ಸ್ ಬೈ ಗೂಗಲ್’ ಆ್ಯಪ್ ಇವನ್ನು ತಾನೇ ಹುಡುಕಿ ಕೊಡುತ್ತದೆ. ಕೊನೆಗೆ ದೊಡ್ಡ ವಿಡಿಯೊಗಳು. ಈ ನಾಲ್ಕರಲ್ಲೇ ಹೆಚ್ಚುಕಡಿಮೆ ಬೇಕಾದಷ್ಟು ಜಾಗ ಸಿಗುತ್ತದೆ.

ಉಳಿದವನ್ನು ಕಂಪ್ಯೂಟರ್‌ನಲ್ಲಿ ವರ್ಷದ ಫೋಲ್ಡರ್‌ಗೆ ಹಾಕಿ. ಒಳಗೆ ಸಂದರ್ಭದ ಹೆಸರು: ‘2025-05 ಶೃಂಗೇರಿ ಪ್ರವಾಸ’, ‘2025-10 ಮನೆಯ ಗೊಂಬೆ ಹಬ್ಬ’. ತಿಂಗಳಿಗೆ ಒಂದೆರಡು ಫೋಲ್ಡರ್ ಸಾಕು. ಅದಕ್ಕಿಂತ ಸೂಕ್ಷ್ಮವಾಗಿ ವಿಂಗಡಿಸುವುದು ಹೊರೆ, ಮುಂದಿನ ವರ್ಷ ಮಾಡುವುದಿಲ್ಲ.

ಒಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದರ ಗಾತ್ರ ಕುಗ್ಗುತ್ತದೆ, ತೆಗೆದ ದಿನ, ಜಾಗದ ಮಾಹಿತಿಯೂ ಅಳಿಸಿಹೋಗುತ್ತದೆ. ಹತ್ತು ವರ್ಷ ಆದ ಮೇಲೆ ಅದು ಯಾವ ಹಬ್ಬದ್ದು ಅಂತ ಹೇಳಲು ಆಗುವುದಿಲ್ಲ. ಮನೆಯ ಮುಖ್ಯ ಫೋಟೊಗಳನ್ನು ನೆಂಟರಿಂದ ತರಿಸಿಕೊಳ್ಳುವಾಗ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಅನ್ನಿ. ಆಗ ಇದ್ದದ್ದು ಇದ್ದ ಹಾಗೇ ಬರುತ್ತದೆ.

ಹಾಗೇ ಆಲ್ಬಮ್‌ನ ಕಪ್ಪು–ಬಿಳುಪು ಫೋಟೊಗಳು. ಸ್ಕ್ಯಾನ್ ಮಾಡುವುದು ಸುಲಭ, ಹೆಸರು ಹಿಡಿಯುವುದು ಕಷ್ಟ. ಹೋದ ವರ್ಷ ಅಮ್ಮನ ಪಕ್ಕ ಕೂತು ಒಂದೊಂದೇ ಫೋಟೊ ತೋರಿಸಿದೆ, ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿದೆ. ‘ಇದು ನಿಮ್ಮಜ್ಜನ ತಂಗಿ, ತಿಪಟೂರಿಗೆ ಕೊಟ್ಟಿತ್ತು’ ಅನ್ನುತ್ತ ಅಮ್ಮ ಎರಡು ಗಂಟೆ ಮಾತಾಡಿದರು. ಆಮೇಲೆ ಆ ಹೆಸರುಗಳನ್ನು ಫೈಲ್ ಹೆಸರಿಗೆ ಸೇರಿಸಿದೆ. ಇಡೀ ನಾಲ್ಕು ಭಾನುವಾರದಲ್ಲಿ ಒಂದೇ ಕೆಲಸ ಮಾಡಲು ಸಮಯ ಇದ್ದರೆ ಇದನ್ನೇ ಮಾಡಿ. ಬೇರೆಲ್ಲ ಮುಂದಿನ ವರ್ಷ ಮಾಡಬಹುದು. ಹಿರಿಯರ ನೆನಪಿಗೆ ಬ್ಯಾಕಪ್ ಇಲ್ಲ.

ಮೂರನೇ ಭಾನುವಾರ: ಕಾಗದಪತ್ರ

ನಾನು ಇಟ್ಟುಕೊಂಡಿರುವುದು ಐದೇ ಫೋಲ್ಡರ್: ಮನೆ, ಜನ, ದುಡ್ಡು, ವಾಹನ, ಕೆಲಸ. ‘ಜನ’ ಒಳಗೆ ಮನೆಯ ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರ್. ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಅಂಕಪಟ್ಟಿ, ವಿಮೆ, ರಕ್ತಪರೀಕ್ಷೆಯ ವರದಿ ಎಲ್ಲ ಅವರವರ ಹೆಸರಿನ ಕೆಳಗೆ. ಮೊದಲು ನಾನು ‘ಆಧಾರ್‌ಗಳು’, ‘ವಿಮೆಗಳು’ ಅಂತ ಬಗೆ ಹಿಡಿದು ಇಟ್ಟಿದ್ದೆ. ಆದರೆ ಯಾರಾದರೂ ಕೇಳುವುದು ‘ಅಪ್ಪನದ್ದು ಕೊಡಿ’ ಅಂತ. ಅದಕ್ಕೇ ಬದಲಾಯಿಸಿದೆ.

ಫೈಲ್ ಹೆಸರು ಇಡುವ ರೀತಿ ಒಂದೇ ಇರಲಿ. ಮೊದಲು ವರ್ಷ, ತಿಂಗಳು, ದಿನ, ಆಮೇಲೆ ವಿಷಯ, ಆಮೇಲೆ ಯಾರದು: ‘2025-04-12 ಆಸ್ತಿ ತೆರಿಗೆ ವಿಜಯನಗರ ಮನೆ’. ವರ್ಷ ಯಾಕೆ ಮೊದಲು ಅಂದರೆ ಕಂಪ್ಯೂಟರ್ ಎಡದಿಂದ ಓದಿ ಸಾಲು ಹಿಡಿಸುತ್ತದೆ. ದಿನ ಮೊದಲು ಇಟ್ಟರೆ ಎಲ್ಲ ವರ್ಷದ ಒಂದನೇ ತಾರೀಖುಗಳು ಒಟ್ಟಿಗೆ ಬಂದು ಕಲಸುಮೇಲೋಗರ ಆಗುತ್ತದೆ. ಅವಧಿ ಇರುವ ಕಾಗದಕ್ಕೆ ಮುಗಿಯುವ ದಿನವನ್ನೂ ಸೇರಿಸಿ: ‘ಕಾರು ವಿಮೆ, ಮುಗಿಯುವುದು 2026-09-30’. ಹೆಸರು ಕನ್ನಡದಲ್ಲಿ ಧಾರಾಳವಾಗಿ ಇಡಬಹುದು. ಅರ್ಜಿಗಳಿಗೆ ಅಪ್‌ಲೋಡ್ ಮಾಡುವ ಪ್ರತಿಗೆ ಮಾತ್ರ ಇಂಗ್ಲಿಷ್ ಅಕ್ಷರದ ಹೆಸರು ಇಡುತ್ತೇನೆ. ಕೆಲವು ವೆಬ್‌ಸೈಟ್‌ಗಳು ಕನ್ನಡ ಹೆಸರಿನ ಫೈಲ್ ತೆಗೆದುಕೊಳ್ಳುವುದಿಲ್ಲ. ಪಾಸ್‌ಪೋರ್ಟ್ ಅಳತೆ ಫೋಟೊ ಮತ್ತು ಸಹಿಯ ಪುಟ್ಟ ಪ್ರತಿಯನ್ನೂ ಸಿದ್ಧ ಮಾಡಿಡಿ. ‘ಇಂತಿಷ್ಟು ಕೆಬಿ ಒಳಗಿರಲಿ’ ಅಂತ ಕೇಳುವವರೇ ಜಾಸ್ತಿ.

ಬೆಂಗಳೂರಿನ ಮನೆಯವರು ‘ಮನೆ’ ಫೋಲ್ಡರ್‌ಗೆ ಹೆಚ್ಚು ಗಮನ ಕೊಡಬೇಕು. ಕ್ರಯಪತ್ರ, ಇ–ಖಾತಾ (ಪಾಲಿಕೆ ಕೊಡುವ ಆಸ್ತಿ ಖಾತೆಯ ಡಿಜಿಟಲ್ ದಾಖಲೆ), ಋಣಭಾರ ಪ್ರಮಾಣಪತ್ರ (ಆಸ್ತಿ ಮೇಲಿನ ನೋಂದಾಯಿತ ಸಾಲ, ವ್ಯವಹಾರಗಳ ಪಟ್ಟಿ), ಪ್ರತಿ ವರ್ಷದ ಆಸ್ತಿ ತೆರಿಗೆ ರಸೀದಿ, ಬೆಸ್ಕಾಂ ಬಿಲ್, ಜಲಮಂಡಳಿ ಬಿಲ್. ಇ–ಖಾತಾ 2024ರ ಅಕ್ಟೋಬರ್‌ನಿಂದ ನಗರದಲ್ಲಿ ಆಸ್ತಿ ನೋಂದಣಿಗೆ ಬೇಕೇ ಬೇಕು. ಇನ್ನೊಂದು ಮಾತು. 2025ರ ಸೆಪ್ಟೆಂಬರ್‌ನಲ್ಲಿ ನಗರದ ಹಳೇ ಪಾಲಿಕೆ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ಹಳೇ ರಸೀದಿಗಳ ಮೇಲೆ ಬಿಬಿಎಂಪಿ ಹೆಸರೇ ಇರುತ್ತದೆ ಅಂತ ಅವನ್ನು ಎಸೆದುಬಿಡಬೇಡಿ. ಫೈಲಿಗೆ ಕಚೇರಿಯ ಹೆಸರು ಇಡುವ ಬದಲು ಕೆಲಸದ ಹೆಸರು ಇಡಿ. ಕಚೇರಿ ಬದಲಾದರೂ ‘ಆಸ್ತಿ ತೆರಿಗೆ’ ಆಸ್ತಿ ತೆರಿಗೆಯೇ. ಬಾಡಿಗೆ ಮನೆಯವರು ಕರಾರು ಪತ್ರ, ಅಡ್ವಾನ್ಸ್ ಕೊಟ್ಟ ದಾಖಲೆ, ಮನೆಗೆ ಬಂದ ದಿನ ತೆಗೆದ ಗೋಡೆ, ನಲ್ಲಿ, ಬಾಗಿಲುಗಳ ಫೋಟೊ ಇಡಿ. ಬಿಡುವ ದಿನ ಪೇಂಟಿಂಗ್‌ಗೆ ಎಷ್ಟು ಹಿಡಿಯಬೇಕು ಅನ್ನುವ ಮಾತು ಬಂದಾಗ ಅವೇ ನೆರವಿಗೆ ಬರುತ್ತವೆ.

ಮಕ್ಕಳು ಪಿಯುಸಿಯಲ್ಲಿದ್ದರೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆಗಳನ್ನು ಈಗಲೇ ಒಂದು ಕಡೆ ಬರೆದಿಡಿ. ಸಿಇಟಿ ಅರ್ಜಿಯಲ್ಲಿ ಕೇಳುವುದು ಅದನ್ನೇ. ಹೆಸರಿನ ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ತಿದ್ದಿಸಲೂ ಸಮಯ ಸಿಗುತ್ತದೆ.

ಡ್ರೈವಿಂಗ್ ಲೈಸೆನ್ಸ್, ಆರ್‌ಸಿ, ಆಧಾರ್, ಪ್ಯಾನ್ ಇವನ್ನು ಸರ್ಕಾರದ ದಾಖಲೆ ಆ್ಯಪ್ ಡಿಜಿಲಾಕರ್‌ಗೆ ತರಿಸಿಕೊಳ್ಳಿ. ಅಲ್ಲಿ ‘ಇಶ್ಯೂಡ್’ ಎಂದು ಬರುವ ದಾಖಲೆಗೆ ಕಾನೂನಿನಲ್ಲಿ ಅಸಲಿಯಷ್ಟೇ ಬೆಲೆ ಇದೆ. ನೀವೇ ಫೋಟೊ ತೆಗೆದು ಅಪ್‌ಲೋಡ್ ಮಾಡಿದ್ದಕ್ಕೆ ಆ ಬೆಲೆ ಇಲ್ಲ. ಜೆರಾಕ್ಸ್ ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಆಧಾರ್ ಕಳಿಸಿ ಪ್ರಿಂಟ್ ತೆಗೆಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಮುಗಿದ ಕೂಡಲೇ ಆ ಸಂದೇಶವನ್ನು ‘ಎಲ್ಲರಿಗೂ ಅಳಿಸು’ ಅಂತ ಕೊಟ್ಟು ತೆಗೆಯಿರಿ, ಅವರ ಕಂಪ್ಯೂಟರ್‌ನಲ್ಲಿ ಇಳಿಸಿದ್ದರೆ ಅದನ್ನೂ ಅಳಿಸಲು ಹೇಳಿ. ಸಾಧ್ಯವಾದಲ್ಲೆಲ್ಲ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಅದು ಆಧಾರ್‌ನ ಅಧಿಕೃತ ಜಾಲತಾಣದಲ್ಲೇ ಸಿಗುತ್ತದೆ.

ಈಗ ಕನ್ನಡದಲ್ಲಿ ಟೈಪ್ ಮಾಡಿದವರಿಗೆ ಇರುವ ಒಂದು ಕೆಲಸ. ನಿಮ್ಮ ಹಳೇ ಕಂಪ್ಯೂಟರ್‌ನಲ್ಲಿ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್‌ಗಳು ಇವೆಯೇ? ಅಜ್ಜ ಬರೆದ ವಂಶಾವಳಿ, ಸಂಘದ ನಡಾವಳಿ, ಕಾಲೇಜಿನ ದಿನಗಳ ಕವಿತೆ, ಪಿಎಚ್‌ಡಿ ಪ್ರಬಂಧ? ಇವತ್ತು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಕೆಟ್ಟಿಲ್ಲ. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಆದ್ದರಿಂದ ಹುಡುಕಿದರೂ ಸಿಗುವುದಿಲ್ಲ.

ಮಾಡಬೇಕಾದ್ದು ಹೀಗೆ. ಮೊದಲು ಮೂಲ ಫೈಲ್‌ಗೆ ಒಂದು ನಕಲು ತೆಗೆದಿಡಿ. ಫೈಲ್ ತೆರೆದು ಯಾವ ಫಾಂಟ್ ಅಂತ ನೋಡಿ. ನುಡಿಯ ಹೊಸ ಆವೃತ್ತಿಯಲ್ಲೂ ಬರಹದಲ್ಲೂ ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಾಯಿಸುವ ಸೌಲಭ್ಯ ಇದೆ, ಆನ್‌ಲೈನ್‌ನಲ್ಲೂ ಉಚಿತ ಪರಿವರ್ತಕಗಳಿವೆ. ಪಠ್ಯವನ್ನು ಅದಕ್ಕೆ ಕೊಟ್ಟು, ಬಂದದ್ದನ್ನು ಹೊಸ ಫೈಲ್‌ಗೆ ಅಂಟಿಸಿ. ಆಮೇಲೆ ಒಂದು ಸಲ ಓದಿ. ಅರ್ಕಾವತ್ತು ಇರುವ ಪದಗಳು, ಎರಡೆರಡು ಒತ್ತಕ್ಷರ ಬರುವ ಪದಗಳು, ನಡುವೆ ಬರುವ ಇಂಗ್ಲಿಷ್ ಪದಗಳು, ಇಲ್ಲಿ ತಪ್ಪು ನುಸುಳುತ್ತದೆ. ಇಡೀ ಪುಸ್ತಕವಿದ್ದರೆ ದಿನಕ್ಕೆ ಹತ್ತು ಪುಟದಂತೆ ಮಾಡಿ. ನನ್ನ ಸೋದರಮಾವ ಟೈಪ್ ಮಾಡಿಸಿದ್ದ ಊರಿನ ಜಾತ್ರೆಯ ಹಾಡುಗಳು ಹೀಗೇ ವಾಪಸ್ ಬಂದವು. ಈಗ ಫೋನಿನಲ್ಲಿ ‘ಬಂಡಿ’ ಅಂತ ಹುಡುಕಿದರೆ ಆ ಸಾಲು ತಟ್ಟನೆ ಎದುರಿಗೆ ಬರುತ್ತದೆ.

ಡೌನ್‌ಲೋಡ್ಸ್ ಫೋಲ್ಡರ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗಾತ್ರದ ಪ್ರಕಾರ ಸಾಲು ಹಿಡಿಸಿ, ಮೇಲಿನ ಇಪ್ಪತ್ತು ನೋಡಿ, ಉಳಿದದ್ದನ್ನು ‘ಹಳೇ ಡೌನ್‌ಲೋಡ್ 2025’ ಅಂತ ಒಂದು ಫೋಲ್ಡರ್‌ಗೆ ಹಾಕಿ. ಡೆಸ್ಕ್‌ಟಾಪ್‌ಗೂ ಅಷ್ಟೇ. ಜಿಮೇಲ್‌ನಲ್ಲಿ ಹುಡುಕುವ ಪಟ್ಟಿಯ ಬಲತುದಿಯ ಗುರುತು ಒತ್ತಿದರೆ ಗಾತ್ರ ಹಾಕಲು ಜಾಗ ಬರುತ್ತದೆ. 10 ಎಂಬಿಗಿಂತ ದೊಡ್ಡ ಮೇಲ್ ಹುಡುಕಿ, ಬೇಕಾದ ಲಗತ್ತು ಇಳಿಸಿಕೊಂಡು ಉಳಿದವು ಅಳಿಸಿ. ಜಾಹೀರಾತು ಮೇಲ್‌ಗಳಿಗೆ ‘ಅನ್‌ಸಬ್‌ಸ್ಕ್ರೈಬ್’ ಒತ್ತಿ. ಸಾವಿರಾರು ಹಳೇ ಮೇಲ್ ಓದದೇ ಉಳಿದಿದ್ದರೆ ಸುಮ್ನೆ ಬಿಡಿ, ಹುಡುಕಿದಾಗ ಸಿಕ್ಕರೆ ಸಾಕು.

ನಾಲ್ಕನೇ ಭಾನುವಾರ: ಬೀಗ, ಕೀಲಿ, ಮನೆಯ ಹಾಳೆ

ಮೊದಲ ಕೆಲಸ, ಹಳೇ ಫೋನ್ ನಂಬರ್. ಗೂಗಲ್, ಬ್ಯಾಂಕ್, ಆಧಾರ್, ಆದಾಯ ತೆರಿಗೆ, ಇಪಿಎಫ್, ವಿಮೆ, ಇವುಗಳಲ್ಲಿ ಯಾವ ನಂಬರ್ ಇದೆ ಅಂತ ಒಂದೊಂದನ್ನೂ ತೆರೆದು ನೋಡಿ. ಬಿಟ್ಟ ನಂಬರನ್ನು ಕನಿಷ್ಠ 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ನಿಮ್ಮ ಒಟಿಪಿ ಆಗ ಅವರ ಕೈಗೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಿ. ಫೋನಿನಲ್ಲಿ *#06# ಒತ್ತಿ, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಬರೆದಿಡಿ. ಮೆಜೆಸ್ಟಿಕ್‌ನಲ್ಲೋ ಬಸ್ಸಿನಲ್ಲೋ ಫೋನ್ ಕಳೆದರೆ ಪೊಲೀಸ್ ದೂರಿಗೂ ಫೋನ್ ಬ್ಲಾಕ್ ಮಾಡಿಸಲೂ ಅದು ಬೇಕು.

ಪಾಸ್‌ವರ್ಡ್‌ಗಳಿಗೆ ಬಿಟ್‌ವಾರ್ಡನ್ ಥರದ ಉಚಿತ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ, ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಕಡೆ ಬೀಗ ಹಾಕಿ ಇಡುವ ಆ್ಯಪ್ ಅದು. ಅದಕ್ಕೊಂದು ಮುಖ್ಯ ಪಾಸ್‌ವರ್ಡ್ ಬೇಕು. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಕನ್ನಡ ಪದ ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆಯಿರಿ. ನೇರಳೆ, ಕೊಡೆ, ಮಜ್ಜಿಗೆ, ಗಡಿಯಾರ, ಈ ಥರ. ಇದೇ ನಾಲ್ಕು ಬೇಡ, ನಿಮ್ಮದೇ ಹುಡುಕಿ. ಗಾದೆ, ಹಾಡಿನ ಸಾಲು, ಮನೆದೇವರ ಹೆಸರು ಬೇಡ. ಆ್ಯಪ್ ಒಗ್ಗದ ಹಿರಿಯರು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿ ಇಡಲಿ, ತಪ್ಪೇನಿಲ್ಲ. ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಅದು ಎಷ್ಟೋ ವಾಸಿ. ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಖಾತ್ರಿ ಕೇಳುವುದು) ಹಾಕಿ, ಅದು ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದಿಡಿ. ಫೋನ್ ಕಳೆದ ದಿನ ಒಳಗೆ ಹೋಗಲು ಅವೇ ದಾರಿ.

ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿ, ಅಂದರೆ ತಾನಾಗಿ ದುಡ್ಡು ಕಡಿತವಾಗುವವುಗಳ ಪಟ್ಟಿ, ತೆರೆಯಿರಿ. ಕಾರ್ಡ್ ಮೇಲಿನ ಚಂದಾಗಳನ್ನೂ ನೋಡಿ. ನೋಡದ ಒಟಿಟಿ, ಹೋಗದ ಜಿಮ್ ರದ್ದು ಮಾಡಿ. ದುಡ್ಡು ಹೋಗುವ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಆ ಸಂದೇಶಗಳನ್ನು ಓದುವ ರೂಢಿ ಇಟ್ಟುಕೊಳ್ಳಿ. ಮೋಸ ಆಯಿತು ಅನ್ನಿಸಿದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಈ ನಂಬರನ್ನು ಮನೆಯ ಎಲ್ಲರ ಫೋನಿನಲ್ಲೂ ಸೇವ್ ಮಾಡಿ.

ಎರಡು ವರ್ಷ ಬಳಸದೇ ಬಿಟ್ಟ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. ಹಳೇ ಫೋಟೊ ಇರುವ ಖಾತೆ ಇದ್ದರೆ ಇವತ್ತೇ ಒಮ್ಮೆ ಲಾಗಿನ್ ಆಗಿ. ಅದೇ ಖಾತೆಯ ಸೆಟ್ಟಿಂಗ್‌ನಲ್ಲಿ ‘ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಇದೆ. ನೀವು ಇಷ್ಟು ತಿಂಗಳು ಬಳಸದಿದ್ದರೆ ಯಾರಿಗೆ ತಿಳಿಸಬೇಕು, ಏನು ಕೊಡಬೇಕು ಅಂತ ಹೇಳಿಡಬಹುದು. ತುಂಬುವಾಗ ಮನಸ್ಸಿಗೆ ಕಸಿವಿಸಿ ಆಗುತ್ತದೆ, ನನಗೂ ಆಯಿತು. ಆದರೂ ತುಂಬಿ.

ಹಳೇ ಫೋನ್, ಲ್ಯಾಪ್‌ಟಾಪ್ ಕೊಡುವ ಮೊದಲು ಗೂಗಲ್ ಖಾತೆಯಿಂದ ಹೊರಬಂದು, ಸಿಮ್, ಮೆಮೊರಿ ಕಾರ್ಡ್ ತೆಗೆದು, ಒಳಗಿನದ್ದೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್ ಮಾಡಿ. ಕೆಟ್ಟವನ್ನು ಕಸದ ಗಾಡಿಗೆ ಹಾಕಬೇಡಿ, ಬ್ಯಾಟರಿ ಹೊತ್ತಿಕೊಳ್ಳುವ ಅಪಾಯ ಇದೆ. ಇ–ತ್ಯಾಜ್ಯಕ್ಕೆ ಅನುಮತಿ ಪಡೆದ ಸಂಸ್ಥೆಗಳು ಬೆಂಗಳೂರಿನ ಸುತ್ತಮುತ್ತ ಇವೆ. ದಾಬಸ್‌ಪೇಟೆಯ ಇ–ಪರಿಸರ ಅಂಥದ್ದರಲ್ಲಿ ಒಂದು.

ಕೊನೆಯ ಕೆಲಸ, ಮನೆಯ ಹಾಳೆ. ಒಂದೇ ಪುಟ, ಕೈಬರಹದಲ್ಲಿ. ಫೈಲ್‌ಗಳು ಯಾವ ಲ್ಯಾಪ್‌ಟಾಪ್‌ನ ಯಾವ ಫೋಲ್ಡರ್‌ನಲ್ಲಿವೆ, ಹಾರ್ಡ್ ಡಿಸ್ಕ್ ಎಲ್ಲಿದೆ, ಒಬ್ಬೊಬ್ಬರ ವಿಮೆ ಪಾಲಿಸಿ ಸಂಖ್ಯೆ, ವಿಮೆ ಕಂಪನಿಯ ಸಹಾಯವಾಣಿ, ಮನೆ ವೈದ್ಯರ ನಂಬರ್, ಯಾರಿಗೆ ಯಾವ ಔಷಧಿ ಆಗುವುದಿಲ್ಲ, ಬೆಸ್ಕಾಂ ಮತ್ತು ಗ್ಯಾಸ್ ಖಾತೆ ಸಂಖ್ಯೆ. ಪಾಸ್‌ವರ್ಡ್ ಬರೆಯಬೇಡಿ. ಫೋನ್ ಪಿನ್ ಮಾತ್ರ ಒಂದು ಲಕೋಟೆಯಲ್ಲಿ ಹಾಕಿ ಅಂಟಿಸಿ, ಅದು ಎಲ್ಲಿದೆ ಅಂತ ಹಾಳೆಯಲ್ಲಿ ಬರೆಯಿರಿ. ಬ್ಯಾಂಕ್ ಪಿನ್ ಎಲ್ಲೂ ಬರೆಯುವುದು ಬೇಡ.

ಆಮೇಲೆ ಪರೀಕ್ಷೆ ಮಾಡಿ. ಕಂಪ್ಯೂಟರ್ ಜಾಸ್ತಿ ಬಳಸದವರ ಕೈಗೆ ಹಾಳೆ ಕೊಟ್ಟು, ‘ಅಪ್ಪನ ವಿಮೆ ಕಾಗದ ತೆಗೆದುಕೊಡಿ’ ಅನ್ನಿ. ನೀವು ಪಕ್ಕದಲ್ಲಿ ಕೂರಬೇಡಿ, ಅಡುಗೆಮನೆಗೆ ಹೋಗಿ. ಎಲ್ಲಿ ಸಿಕ್ಕಿಕೊಂಡರು ಅಂತ ಕೇಳಿ, ಹಾಳೆಯ ಆ ಸಾಲು ತಿದ್ದಿ ಬರೆಯಿರಿ. ಮೊದಲ ವರ್ಷ ನನ್ನ ಅಮ್ಮನಿಗೆ ‘ಡಿ ಡ್ರೈವ್’ ಅಂದರೆ ಏನು ಅಂತ ಗೊತ್ತಾಗಲಿಲ್ಲ. ಈಗ ಡೆಸ್ಕ್‌ಟಾಪ್ ಮೇಲೆ ‘ಮನೆ ಕಾಗದ’ ಅಂತ ಒಂದೇ ಒಂದು ಹಳದಿ ಫೋಲ್ಡರ್ ಇದೆ. ಹೋದ ಜನವರಿಯಲ್ಲಿ ಅವರು ಅಪ್ಪನ ಪಾಲಿಸಿ ಹುಡುಕಿ ನನ್ನ ಫೋನಿಗೆ ಕಳಿಸಲು ತೆಗೆದುಕೊಂಡದ್ದು ನಾಲ್ಕು ನಿಮಿಷ.